ಜಿಲೇಬಿ ಮೀನು ಮಲೆನಾಡಿನ ಕೆರೆ ಹಿಡಿದ ಬಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಜಿಲೇಬಿ ಮೀನಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ನೀರಿನ ಸೂಕ್ಷ್ಮಜೀವಿಗಳ ಬಲದಲ್ಲಿ ಒತ್ತೊತ್ತಾಗಿ ಮೀನು ಸಾಕುವ ಬಯೋಫ್ಲಾಕ್ ತೊಟ್ಟಿ ಹಾಕಿಸಿದವರಿಗೆ ಅದು ಸಹಾಯಧನ ಸಿಗುವ ಬೆಳೆ. ಕೆರೆ ಗುತ್ತಿಗೆ ಹಿಡಿದವರಿಗೆ ಕಾಟ್ಲಾದ ಪಾಲು ತಿಂದು ತಾನೂ ದಪ್ಪಗಾಗದ ಕಳೆ. ಸೊರಬ, ಸಾಗರದ ಕಡೆ ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ಕೆರೆಬೇಟೆಗೆ ಇಳಿದವರಿಗೆ ಕೈಗೆ ಮುಳ್ಳು ಚುಚ್ಚುವ ಅಂಗೈಯಗಲದ ಮೀನು, ಚೀಲ ತುಂಬಿದರೂ ಸಮಾಧಾನವಿಲ್ಲ. ಹಾಗಾದರೆ ಇದು ನಿಷೇಧವಾದ ಮೀನೋ, ಸರ್ಕಾರವೇ ಸಾಕಲು ಹೇಳುವ ಮೀನೋ ಎಂದು ಕೇಳಿದರೆ ಎರಡೂ ಹೌದು ಎನ್ನಬೇಕಾಗುತ್ತದೆ. ಅದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಮೀನಿನ ಗುರುತು. ಸಂತೆಯಲ್ಲಿ ಜಿಲೇಬಿ ಎಂದು ಮಾರುವುದರಲ್ಲಿ ಕನಿಷ್ಠ ಎರಡು ಜಾತಿ ಇವೆ: ಮೊಜಾಂಬಿಕ್ ತಿಲಾಪಿಯಾ ಮತ್ತು ನೈಲ್ ತಿಲಾಪಿಯಾ. ಎರಡೂ ಆಫ್ರಿಕದವು, ಎರಡೂ ಸಿಕ್ಲಿಡ್ ಕುಟುಂಬದವು. ಕಾಟ್ಲಾ, ರೋಹುವಿನಂಥ ಗೆಂಡೆ ಮೀನಿನ ಮೂತಿಯ ಒಂದೊಂದು ಬದಿಗೆ ಎರಡೆರಡು ಮೂಗಿನ ರಂಧ್ರಗಳಿದ್ದರೆ ಸಿಕ್ಲಿಡ್‌ಗೆ ಒಂದೊಂದೇ. ಮೈಯ ಪಕ್ಕದಲ್ಲಿ ಉದ್ದಕ್ಕೆ ಹೋಗುವ ಗೆರೆ ನಡುವೆ ತುಂಡಾಗಿ ಕೆಳಗಿನಿಂದ ಮತ್ತೆ ಶುರುವಾಗುತ್ತದೆ. ಬಾಲದ ರೆಕ್ಕೆಯ ಉದ್ದಕ್ಕೂ ಅಡ್ಡಪಟ್ಟಿಗಳು ಸ್ಪಷ್ಟವಾಗಿದ್ದರೆ ನೈಲ್ ಜಾತಿ. ಮರಿ ಮಾಡುವ ಕಾಲದಲ್ಲಿ ಮೈ ಕಪ್ಪಾಗಿ, ಗಂಟಲು ಬೆಳ್ಳಗಾಗಿ, ರೆಕ್ಕೆಯಂಚು ಕೆಂಪೇರಿದ್ದರೆ ಅದು ಮೊಜಾಂಬಿಕ್ ಗಂಡು. ಎರಡೂ ಒಂದೇ ನೀರಿನಲ್ಲಿ ಸೇರಿದರೆ ಮಿಶ್ರತಳಿ ಹುಟ್ಟುತ್ತದೆ. ಆಗ ಈ ಗುರುತುಗಳನ್ನು ನಂಬುವ ಹಾಗಿಲ್ಲ.

ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದವರ ಕರಿಮೀನ್ ಒಂದು. ಅದರ ಚಿಕ್ಕ ಬಂಧು, ಕಿತ್ತಳೆ ಬಣ್ಣದ್ದು ಇನ್ನೊಂದು. ಮೂರನೆಯದು ದಕ್ಷಿಣ ಕನ್ನಡದ ಕುಮಾರಧಾರಾ, ನೇತ್ರಾವತಿ ಸೀಮೆಗೆ ಸೀಮಿತವಾದ ಕೆನರಾ ಜಾತಿ. ಇವು ಕಲ್ಲಿಗೋ ಕೊರಡಿಗೋ ಮೊಟ್ಟೆ ಅಂಟಿಸಿ, ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ. ಮೊಟ್ಟೆಯನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುವ ವಿದ್ಯೆ ತಿಲಾಪಿಯಾದ್ದು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಆಫ್ರಿಕದ ಆಗ್ನೇಯ ತೀರದ ಮೊಜಾಂಬಿಕ್ ತಿಲಾಪಿಯಾ 1939ರಲ್ಲಿ ಇಂಡೋನೇಷ್ಯಾದ ಜಾವಾದಲ್ಲಿ ಕಾಣಿಸಿಕೊಂಡಿತು, ಯುದ್ಧಕಾಲದಲ್ಲಿ ಏಷ್ಯಾದ ಕೊಳಗಳಿಗೆ ಹಬ್ಬಿತು, 1952ರಲ್ಲಿ ಭಾರತಕ್ಕೆ ಬಂತು. 1959ರ ಹೊತ್ತಿಗೆ, ಇದನ್ನು ಇನ್ನು ಹೊಸ ನೀರಿಗೆ ಬಿಡಬಾರದು ಎಂಬ ತೀರ್ಮಾನವೂ ಆಯಿತು. ಅಷ್ಟರಲ್ಲಿ ಅದು ದಕ್ಷಿಣದ ಕೊಳಗಳಲ್ಲಿ ನೆಲೆಯೂರಿತ್ತು.

ತಂದವರಿಗೆ ಕಾರಣವಿತ್ತು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಅವಕ್ಕೆ ನೆರೆ ಬಂದ ನದಿಯೇ ಬೇಕು. ಬಿತ್ತನೆ ಮರಿ ಬೇಕೆಂದರೆ ಹೊಳೆಯಿಂದಲೇ ಹಿಡಿದು ತರಬೇಕಿತ್ತು, ಅದರಲ್ಲಿ ಹತ್ತು ಜಾತಿ ಬೆರೆತಿರುತ್ತಿದ್ದವು. ಕೆರೆಯಲ್ಲೇ ತಾನಾಗಿ ಮರಿ ಮಾಡಿ, ಪಾಚಿ ತಿಂದು ಬೆಳೆಯುವ ಮೀನು ಆ ದಿನಗಳಲ್ಲಿ ವರದಂತೆ ಕಂಡದ್ದು ಸಹಜ. ಗೆಂಡೆಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸುವ ಪ್ರಯೋಗದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಗೆದ್ದದ್ದು 1957ರ ಜುಲೈ 10ರಂದು; ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಐದು ವರ್ಷ ತಡೆದಿದ್ದರೆ ತಿಲಾಪಿಯಾ ಬೇಕೇ ಆಗುತ್ತಿರಲಿಲ್ಲವೇನೋ. ಅಂದಹಾಗೆ ಕಾಟ್ಲಾ, ರೋಹು ಕೂಡ ಗಂಗಾ ಬಯಲಿನವು, ತುಂಗೆಯವಲ್ಲ. ಆದರೆ ಅವುಗಳ ಮರಿ ಬಿಡುವುದನ್ನು ನಿಲ್ಲಿಸಿದರೆ ಕೆಲವು ವರ್ಷದಲ್ಲಿ ಕೆರೆಯಿಂದ ಅವು ತಾವಾಗಿಯೇ ಇಲ್ಲವಾಗುತ್ತವೆ. ಜಿಲೇಬಿಯನ್ನು ನಿಲ್ಲಿಸಲು ಬರುವುದಿಲ್ಲ.

ಜಪಾನಿನಲ್ಲೂ ಇಂಥದೇ ನಡೆದಿದೆ. 1960ರಲ್ಲಿ ಅಮೆರಿಕದಿಂದ ಉಡುಗೊರೆಯಾಗಿ ಬಂದ ಬ್ಲೂಗಿಲ್ ಎಂಬ ಸನ್‌ಫಿಶ್ ಅಲ್ಲಿನ ಸರೋವರಗಳನ್ನು ತುಂಬಿಕೊಂಡಿತು. ಅದರ ಕುಟುಂಬ ಬೇರೆ, ಬದುಕುವ ರೀತಿ ಬಹುಮಟ್ಟಿಗೆ ಇದೇ: ಜೊಂಡು ಬೆಳೆದ ತೆಳು ನೀರು, ನೆಲ ಕೆದಕಿ ಮಾಡಿದ ಗುಳಿ, ಕಾವಲಿಗೆ ನಿಂತ ಗಂಡು.

ಮಲೆನಾಡಿನ ಕೆರೆಗಳು ಬಯಲುಸೀಮೆಯವುಗಳಂತೆ ವಿಶಾಲವಲ್ಲ. ಎರಡು ಗುಡ್ಡದ ನಡುವಿನ ತಗ್ಗಿಗೆ ಏರಿ ಹಾಕಿ ಕಟ್ಟಿದವು, ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸಾಲಾಗಿ ಇಳಿದವು. ತೂಬಿನ ಬಳಿ ಆಳ, ಹಿಂಬದಿಯಲ್ಲಿ ಮೊಣಕಾಲುದ್ದದ ನೀರು, ಅದರ ತುಂಬ ಜೊಂಡು, ತಾವರೆ, ಅಂತರಗಂಗೆ. ಈ ಹಿಂಬದಿಯೇ ಜಿಲೇಬಿಯ ಬಾಣಂತಿಕೋಣೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅದು ಮರಿ ಮಾಡುವುದನ್ನು ನಿಲ್ಲಿಸುತ್ತದೆ. ಫೆಬ್ರವರಿ ಕಳೆದು ಬಿಸಿಲೇರಿದಾಗ ಮೊದಲು ಕಾಯುವುದು ಈ ತೆಳು ನೀರೇ. ಗಂಡು ಅಲ್ಲಿನ ಕೆಸರನ್ನು ಬಾಯಲ್ಲಿ ಎತ್ತೆತ್ತಿ ಹಾಕಿ ತಟ್ಟೆಯಗಲದ ಗುಳಿ ಮಾಡುತ್ತದೆ. ನೀರು ಇಳಿದ ಕೆರೆಯಂಗಳದಲ್ಲಿ ಇಂಥ ಗುಳಿಗಳು ಒತ್ತೊತ್ತಾಗಿ ಕಂಡರೆ ಬಲೆ ಹಾಕಿ ನೋಡುವ ಅಗತ್ಯವೇ ಇಲ್ಲ.

ಹೆಣ್ಣು ಗುಳಿಯಲ್ಲಿ ಮೊಟ್ಟೆ ಇಟ್ಟ ಕ್ಷಣವೇ ಬಾಯಿಗೆ ಎತ್ತಿಕೊಂಡು, 10ರಿಂದ 14 ದಿನ ಉಪವಾಸವಿದ್ದು, ಈಜುವ ಮರಿಗಳನ್ನು ಹೊರಬಿಡುತ್ತದೆ. ಅಪಾಯ ಕಂಡರೆ ಮರಿಗಳು ಮತ್ತೆ ಬಾಯಿಗೆ ನುಗ್ಗುತ್ತವೆ. ನೀರು ಬೆಚ್ಚಗಿದ್ದರೆ ನಾಲ್ಕಾರು ವಾರಕ್ಕೊಮ್ಮೆ ಇದೇ ಚಕ್ರ. ಬಾಯಲ್ಲಿ ಹಿಡಿಸುವುದು ಕೆಲವು ನೂರು ಮೊಟ್ಟೆ ಮಾತ್ರ, ಗೆಂಡೆ ಇಡುವ ಲಕ್ಷಗಳ ಮುಂದೆ ಏನೂ ಅಲ್ಲ. ಆದರೆ ಗೆಂಡೆಯ ಮೊಟ್ಟೆಗೆ ಕಾವಲಿಲ್ಲ. ಇದರಲ್ಲಿ ಬಹುಪಾಲು ಉಳಿಯುತ್ತದೆ. ಸಂಖ್ಯೆ ಏರಿ ಮೇವು ಸಾಲದಾದಾಗ ಜಿಲೇಬಿ ಸಾಯುವುದಿಲ್ಲ, ಕುಳ್ಳಾಗುತ್ತದೆ. ಮೂರು ನಾಲ್ಕು ಇಂಚಿಗೇ ಬೆಳವಣಿಗೆ ನಿಲ್ಲಿಸಿ, ಆ ಗಾತ್ರದಲ್ಲೇ ಮರಿ ಮಾಡತೊಡಗುತ್ತದೆ. ಗುತ್ತಿಗೆದಾರರು ನೂರಾರು ಕಿಲೋ ಎಳೆದರೂ ದರ ಸಿಗದಿರುವುದು ಇದರಿಂದಲೇ.

ನಾಡಮೀನುಗಳ ಲೆಕ್ಕ ಬೇರೆ. ಮುಂಗಾರಿನ ಮೊದಲ ಕೆಂಪು ನೀರಿಗೆ ಹಳ್ಳ ಏರಿ ಗದ್ದೆಗೆ ನುಗ್ಗುವ ಹತ್ತುಮೀನಿಗೆ ವರ್ಷಕ್ಕೆ ಅದೊಂದೇ ಅವಕಾಶ. ಗಿರ್ಲಿನಂಥ ಸಣ್ಣ ಮೀನು ಜೊಂಡಿಗೆ, ಹುಲ್ಲಿಗೆ ಮೊಟ್ಟೆ ಅಂಟಿಸುವಾಗ ಅಲ್ಲಿ ಮೂರು ತಿಂಗಳಿಂದ ಬೀಡುಬಿಟ್ಟ ಜಿಲೇಬಿ ಗುಂಪು ಎದುರಾಗುತ್ತದೆ. ಅದರ ಮುಖ್ಯ ಆಹಾರ ಪಾಚಿ, ಕೊಳೆತ ಕಸ. ಸಿಕ್ಕರೆ ಮೊಟ್ಟೆ, ಮರಿಯನ್ನೂ ಬಿಡುವುದಿಲ್ಲ. ಹಾಗೆಂದು ನಾಡಮೀನು ಕಡಿಮೆಯಾದದ್ದಕ್ಕೆಲ್ಲ ಇದೊಂದನ್ನೇ ದೂರುವುದು ಸರಿಯಲ್ಲ. ಗದ್ದೆಯ ಕಳೆನಾಶಕ, ಹಳ್ಳಕ್ಕೆ ಅಡ್ಡ ಬಂದ ಚೆಕ್‌ಡ್ಯಾಂ, ಹೂಳು, ಒತ್ತುವರಿ, ಇವು ಮೊದಲೇ ಅರ್ಧ ಕೆಲಸ ಮುಗಿಸಿದ್ದವು. ಆಮ್ಲಜನಕ ಕಡಿಮೆಯಾದ ಕೊಳಕು ನೀರಿನಲ್ಲೂ ಬದುಕಬಲ್ಲ ಮೀನಿಗೆ ಉಳಿದರ್ಧ ಸುಲಭವಾಯಿತು.

ಇದಕ್ಕೆ ತಕ್ಕಮಟ್ಟಿನ ಕಡಿವಾಣ ಇದ್ದದ್ದು ಕೆರೆಬೇಟೆಯಲ್ಲಿ. ಬೇಸಿಗೆಯ ಕೊನೆಗೆ ತೂಬು ಬಿಟ್ಟು ನೀರನ್ನು ಸೊಂಟಕ್ಕಿಂತ ಕೆಳಗಿಳಿಸಿ, ಒಂದು ದಿನ ಗೊತ್ತುಮಾಡಿ, ಕೂಣಿಗೆ ಇಷ್ಟೆಂದು ಹಣ ಕಟ್ಟಿಸಿಕೊಂಡು ಎಲ್ಲರನ್ನೂ ಒಟ್ಟಿಗೆ ಇಳಿಸುತ್ತಾರೆ. ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ. ಬಿದಿರಿನ ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಹಾಕಿ ತಡಕುತ್ತಾರೆ. ನೂರಾರು ಜನ ತುಳಿದ ಕೆಸರಿನಲ್ಲಿ ದೊಡ್ಡ ಮೀನು ಉಳಿಯುವುದು ಕಷ್ಟ. ಅದಾದ ಮೇಲೆ ಕೆರೆಯಂಗಳ ಒಣಗಿ ಬಿರುಕು ಬಿಟ್ಟರೆ ಮುರುಗೋಡು, ಚೇಳುಮೀನು, ಕೊರವ ಕೆಸರಿನ ತೇವದಲ್ಲಿ ಗಾಳಿ ಹೀರಿ ಕೆಲಕಾಲ ತಡೆಯುತ್ತವೆ. ಜಿಲೇಬಿಗೆ ಆ ಶಕ್ತಿ ಇಲ್ಲ. ನಾಡಮೀನಿಗೂ ಅದಕ್ಕೂ ನಡುವೆ ನಾಡಮೀನಿನ ಕೈ ಮೇಲಾಗುವ ಗಳಿಗೆ ಇದೊಂದೇ.

ಆದರೆ ಒಣಗಬೇಕು. ಸಿಕ್ಕಿಬಿದ್ದ ಹೆಣ್ಣು ಬಾಯಲ್ಲಿರುವುದನ್ನು ಉಗುಳುತ್ತದೆ. ಮೊಟ್ಟೆಯಾದರೆ ಸಾಯುತ್ತದೆ, ಈಜುವ ಮರಿಯಾದರೆ ಕೂಣಿಯ ಸಂದಿನಲ್ಲಿ ನುಸುಳಿ ತೂಬಿನ ಗುಂಡಿಗೆ ಸೇರುತ್ತದೆ. ಗುಂಡಿಯಲ್ಲಿ ಮಳೆಯವರೆಗೆ ನೀರು ನಿಂತರೆ ಬೇಟೆಯ ಫಲ ಅಲ್ಲಿಗೆ ಮುಗಿಯಿತು. ಮೀನುಗುತ್ತಿಗೆ ಬಂದ ಮೇಲೆ ಹಲವು ಕೆರೆಗಳಲ್ಲಿ ಆದದ್ದು ಇದೇ: ಬಿತ್ತನೆ ಉಳಿಯಲಿ ಎಂದು ಬೇಸಿಗೆಯಲ್ಲೂ ನೀರು ಹಿಡಿದಿಟ್ಟರು. ಅಂತರ್ಜಲಕ್ಕೆ ಒಳ್ಳೆಯದು, ದನಕರುಗಳಿಗೆ ಒಳ್ಳೆಯದು, ಜಿಲೇಬಿಗೆ ಎಲ್ಲಕ್ಕಿಂತ ಒಳ್ಳೆಯದು.

ಎರಡನೆಯ ಅಲೆ ನೈಲ್ ತಿಲಾಪಿಯಾದ್ದು. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದ ತಳಿಸುಧಾರಣೆಯಿಂದ ಹುಟ್ಟಿದ ಗಿಫ್ಟ್ ತಳಿ ನಿಜಕ್ಕೂ ಬೇರೆಯೇ ಮೀನು. ಚೆನ್ನಾಗಿ ಸಾಕಿದರೆ ಆರೇಳು ತಿಂಗಳಲ್ಲಿ ಅರ್ಧ ಕಿಲೋ ಮುಟ್ಟುತ್ತದೆ. ಗಂಡುಮರಿಗಳನ್ನು ಮಾತ್ರ ಸಾಕಬೇಕು, ತಪ್ಪಿಸಿಕೊಳ್ಳದಂತೆ ತಡೆ ಇರಬೇಕು ಎಂಬ ಷರತ್ತಿನ ಮೇಲೆ ಸರ್ಕಾರ ಅನುಮತಿ ಕೊಟ್ಟಿತು. 2020ರಲ್ಲಿ ಮತ್ಸ್ಯ ಸಂಪದ ಯೋಜನೆ ಬಂದು ಬಯೋಫ್ಲಾಕ್ ತೊಟ್ಟಿಗಳಿಗೆ ಸಹಾಯಧನ ಸಿಕ್ಕಾಗ, ಅಡಿಕೆ ತೋಟದ ಅಂಚಿನಲ್ಲೂ ನೀಲಿ ಟಾರ್ಪಾಲಿನ್ ತೊಟ್ಟಿಗಳು ಎದ್ದವು. 1959ರ ಮಾತು ಕೆರೆಗೆ, ಈ ಮಾತು ತೊಟ್ಟಿಗೆ. ಕಾಗದದ ಮೇಲೆ ವಿರೋಧವೇನೂ ಇಲ್ಲ.

ನೀರಿನಲ್ಲಿ ಇದೆ. ಗಂಡುಮರಿ ಮಾಡುವುದು ಹೀಗೆ: ಬಾಯಿಂದ ಹೊರಬಿದ್ದ, ಇನ್ನೂ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುವ ಮರಿಗೆ, ಕಿಲೋಗೆ 60 ಮಿಲಿಗ್ರಾಂ ಮೀಥೈಲ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಬೆರೆಸಿದ ಆಹಾರವನ್ನು 21ರಿಂದ 28 ದಿನ ತಿನ್ನಿಸಬೇಕು. ಮರಿ ಒಂದೂವರೆ ಸೆಂಟಿಮೀಟರಿಗೆ ಬೆಳೆದ ಮೇಲೆ ಶುರುಮಾಡಿದರೆ, ಕೊಳದಲ್ಲಿ ಬೇರೆ ಪಾಚಿ ತಿಂದು ಔಷಧಿ ಆಹಾರ ಬಿಟ್ಟರೆ, ಹೆಣ್ಣು ಉಳಿಯುತ್ತದೆ. ಚೆನ್ನಾಗಿ ಮಾಡಿದರೂ ನೂರಕ್ಕೆ ನೂರು ಸಿಗುವ ಭರವಸೆ ಇಲ್ಲ. ಸಾವಿರ ಮರಿಯಲ್ಲಿ ಇಪ್ಪತ್ತು ಹೆಣ್ಣು ಉಳಿದರೂ ತೊಟ್ಟಿಯ ಮಾಲೀಕರಿಗೆ ನಷ್ಟವಿಲ್ಲ, ಕೆಳಗಿನ ಹಳ್ಳಕ್ಕೆ ಅಷ್ಟು ಸಾಕು. ತೊಟ್ಟಿಯ ಕೊಳೆನೀರು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಶರಾವತಿಯ ಹಿನ್ನೀರಿಗೋ ಹೋಗುತ್ತದೆ. ಆಗುಂಬೆ, ಹೊಸನಗರದಂಥ ಮಳೆಯಲ್ಲಿ ತೊಟ್ಟಿ, ಕೃಷಿಹೊಂಡ ಉಕ್ಕುವುದು ಅಪರೂಪವೂ ಅಲ್ಲ.

ಕಾಲುವೆಗೆ ಜಾಲರಿ ಹಾಕಿದರೆ ಆಯಿತಲ್ಲ ಎನ್ನುತ್ತಾರೆ. ಆ ಮರಿಯನ್ನು ತಡೆಯಲು ಒಂದು ಮಿಲಿಮೀಟರ್ ಕಣ್ಣಿನ ನೈಲಾನ್ ಬೇಕು. ಜೂನ್ ತಿಂಗಳ ನೀರು ದರಕು (ಒಣ ಎಲೆ), ಅಡಿಕೆ ಹಾಳೆಯ ಚೂರು, ಕೆಮ್ಮಣ್ಣು ಹೊತ್ತು ಬಂದಾಗ ಅದು ಸ್ವಲ್ಪ ಹೊತ್ತಿನಲ್ಲೇ ಕಟ್ಟಿಕೊಂಡು ನೀರು ಹಿಂದಕ್ಕೆ ಒತ್ತುತ್ತದೆ. ಏರಿ ಒಡೆಯುವ ಭಯಕ್ಕೆ ರಾತ್ರಿಯಲ್ಲೇ ಕಿತ್ತುಹಾಕುತ್ತಾರೆ, ಮತ್ತೆ ಕಟ್ಟುವವರಿಲ್ಲ. ಕೆಲಸಕ್ಕೆ ಬರುವುದು ಎರಡು ಹಂತದ ತಡೆ: ಮುಂದೆ ದರಕು ಹಿಡಿಯಲು ಬಿದಿರಿನ ತಡಿಕೆ, ಮೂರು ನಾಲ್ಕು ಅಡಿ ಹಿಂದೆ ಕಾಲುವೆಗಿಂತ ಅಗಲವಾದ ಚೀಲದಾಕಾರದ ಜಾಲರಿ. ಚೀಲದ ಮೇಲ್ಮೈ ಹೆಚ್ಚಿರುವುದರಿಂದ ಬೇಗ ಕಟ್ಟುವುದಿಲ್ಲ. ಮಳೆಗಾಲದಲ್ಲಿ ತಡಿಕೆಯನ್ನು ದಿನಕ್ಕೆರಡು ಬಾರಿ ಕೆರೆಯಬೇಕು.

ಕೆರೆಯಿಂದ ತೆಗೆಯುವುದಾದರೆ ಬೇಸಿಗೆಯ ಗುಂಡಿಯೇ ಸರಿಯಾದ ಜಾಗ. ಪಂಪಿಟ್ಟು ಒಣಗಿಸಲು ಆಗದಿದ್ದರೆ ಇಪ್ಪೆ ಹಿಂಡಿ ಹಾಕಬಹುದು: ಹೆಕ್ಟೇರಿಗೆ ಒಂದು ಮೀಟರ್ ಆಳಕ್ಕೆ 2,500 ಕಿಲೋ. ಅಂದರೆ 20 ಮೀಟರ್ ಉದ್ದ, 10 ಮೀಟರ್ ಅಗಲ, ಅರ್ಧ ಮೀಟರ್ ನೀರಿನ ಗುಂಡಿಗೆ 25 ಕಿಲೋ. ಬ್ಲೀಚಿಂಗ್ ಪೌಡರ್ ಆದರೆ ಅದೇ ಗುಂಡಿಗೆ ಮೂರೂವರೆ ಕಿಲೋ, ಹಳೆಯದಾಗಿ ವಾಸನೆ ಹೋಗಿದ್ದರೆ ಕೆಲಸ ಮಾಡುವುದಿಲ್ಲ. ಎರಡೂ ಗುಂಡಿಯಲ್ಲಿರುವ ಎಲ್ಲ ಮೀನನ್ನೂ ಕೊಲ್ಲುತ್ತವೆ, ಹಾಗಾಗಿ ನಾಡಮೀನನ್ನು ಮೊದಲೇ ಎತ್ತಿ ಬೇರೆ ನೀರಿಗೆ ಹಾಕಬೇಕು. ಹರಿವ ಹಳ್ಳಕ್ಕೆ ತಾಗಿದ ನೀರಿಗೆ ಹಾಕಲೇಬಾರದು, ದನಗಳನ್ನು ದೂರವಿಡಬೇಕು. ಹಿಂಡಿಯ ವಿಷ ಇಳಿಯಲು ಸುಮಾರು ಮೂರು ವಾರ ಬೇಕು. ಹೊಸ ನೀರು ಬಂದು ಅದು ತಿಳಿಯಾದ ಮೇಲೆ ಬಿಡುವ ಗೆಂಡೆ ಮರಿ ನಾಲ್ಕಿಂಚಿಗೆ ಕಡಿಮೆ ಇರಬಾರದು. ಜೊತೆಗೆ ಬೆರಳುದ್ದ ದಾಟಿದ ಕೊರವದ ಮರಿ ಬಿಟ್ಟರೆ ಅಳಿದುಳಿದ ಜಿಲೇಬಿ ಮರಿಯನ್ನು ಅದು ತಿಂದು ಮುಗಿಸುತ್ತದೆ. ಆದರೆ ಗೆಂಡೆ ಮರಿ ಕೊರವದ ಮರಿಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಮೊದಲು ಹೋಗುವುದು ಅದೇ.

ಇಷ್ಟೆಲ್ಲ ಮಾಡಿದ ಕೆರೆಗೆ ಜುಲೈನಲ್ಲಿ ಮೇಲಿನ ಕೆರೆಯ ಕೋಡಿ ಬೀಳುತ್ತದೆ. ಕೋಡಿಗೆ ಜಾಲರಿ ಕಟ್ಟುವಂತಿಲ್ಲ, ಏರಿಗೇ ಅಪಾಯ. ಹಾಗಾಗಿ ಸಾಲಿನ ಮೇಲ್ತುದಿಯ ಕೆರೆಯಿಂದ ಶುರುಮಾಡಿ ಒಂದೇ ಬೇಸಿಗೆಯಲ್ಲಿ ಕೆಳಗಿನವರೆಗೆ ಒಣಗಿಸಬೇಕು. ಆದರೆ ಒಂದೇ ಸಾಲಿನ ಕೆರೆಗಳಿಗೆ ಬೇರೆ ಬೇರೆ ಗುತ್ತಿಗೆದಾರರಿರುತ್ತಾರೆ, ಗುತ್ತಿಗೆಯ ಅವಧಿಯೂ ಬೇರೆ ಬೇರೆ ವರ್ಷಕ್ಕೆ ಮುಗಿಯುತ್ತದೆ. ಮರಿ ಬಿಟ್ಟು ಎರಡೇ ವರ್ಷವಾದವರನ್ನು ಕೆರೆ ಖಾಲಿ ಮಾಡಿ ಎಂದು ಕೇಳಲಾಗದು. ಒಂದು ಸಾಲಿನ ಕೆರೆಗಳ ಗುತ್ತಿಗೆಯೆಲ್ಲ ಒಂದೇ ಏಪ್ರಿಲಿಗೆ ಮುಗಿಯುವಂತೆ ಹೊಂದಿಸಲು ಹೊಸ ಯೋಜನೆಯೂ ಬೇಡ, ಸಹಾಯಧನವೂ ಬೇಡ. ಮುಂದಿನ ಗುತ್ತಿಗೆ ಪತ್ರದಲ್ಲಿ ಒಂದು ದಿನಾಂಕ ಬದಲಾದರೆ ಸಾಕು.