ಆ ಏಟು ಬಿದ್ದಿದ್ದು ಯಾರ ಕೈಗೆ?

ಹೋದ ತಿಂಗಳು ದಾವಣಗೆರೆಯಲ್ಲಿ ಹಳೇ ಗೆಳೆಯರು ಐದಾರು ಜನ ಸೇರಿದ್ದೆವು. ಎದುರಿಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಾತು ಎಂಟನೇ ಕ್ಲಾಸಿಗೆ ಹೋಯಿತು. ನಾನು ಲೆಕ್ಕದ ಮೇಷ್ಟ್ರ ಕಥೆ ತೆಗೆದೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಅವರ ಮೀಸೆ ಬರೆದು ಸಿಕ್ಕಿಬಿದ್ದು, ಹುಣಸೆ ಬರಲಿನಲ್ಲಿ ಎಡಗೈಗೆ ಮೂರು ಏಟು ತಿಂದ ಕಥೆ. ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠ ಆಗಿದೆ. ಪಕ್ಕದಲ್ಲಿದ್ದವನು ಆಗ ನನ್ನದೇ ಬೆಂಚಿನವನು, ಈಗ ಮೆಕ್ಕೆಜೋಳದ ವ್ಯಾಪಾರಿ. ಬಜ್ಜಿ ಕೆಳಗಿಟ್ಟ.

“ಲೇ, ಏಟು ತಿಂದಿದ್ದು ನಾನಲೇ! ಅದೂ ಬಲಗೈಗೆ. ನೀನು ಪಕ್ಕದಲ್ಲಿ ಕೂತು ನಡುಗ್ತಿದ್ದೆ.”

ಅವನು ಸುಳ್ಳು ಹೇಳುವವನಲ್ಲ. ನಾನೂ ಅಲ್ಲ. ಹಾಗಾದರೆ?

ನ್ಯೂಜಿಲೆಂಡ್‌ನ ಸಂಶೋಧಕರು 2001ರಲ್ಲಿ ಇಂಥದ್ದೇ ಜಗಳದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 20 ಜೋಡಿ ವಯಸ್ಕ ಅವಳಿಗಳನ್ನು ಕೂರಿಸಿ ಹಳೇ ನೆನಪು ಕೇಳಿದರೆ, 14 ಜೋಡಿಗಳಲ್ಲಿ ಒಂದಾದರೂ ಘಟನೆಗೆ ಇಬ್ಬರೂ ಹಕ್ಕುದಾರರು! ಬಿದ್ದಿದ್ದು ನಾನು, ಗೆದ್ದಿದ್ದು ನಾನು ಅಂತ ಇಬ್ಬರದ್ದೂ ಒಂದೇ ಹಟ. ಅವಳಿಗಳಷ್ಟೇ ಅಲ್ಲ, ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು, ಗೆಳೆಯರ ನಡುವೆಯೂ ಇದು ಉಂಟು.

ಕಾರಣ ಮಿದುಳು ನೆನಪನ್ನು ಇಡುವ ರೀತಿ. ಅದು ಘಟನೆಯನ್ನು ವಿಡಿಯೋ ಥರ ಒಂದೇ ಕಡೆ ಇಡುವುದಿಲ್ಲ. ನೋಡಿದ್ದು ಒಂದು ಕಡೆ, ಕೇಳಿದ್ದು ಇನ್ನೊಂದು ಕಡೆ. ಇವನ್ನೆಲ್ಲ ಗಂಟು ಹಾಕುವುದು ಮಿದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗ. ಅದರ ಪಕ್ಕದಲ್ಲೇ ಅಮಿಗ್ಡಲ ಇದೆ, ಭಯದ ಕಾವಲುಗಾರ. ಮೇಷ್ಟ್ರು ಹುಣಸೆ ಬರಲು ಎತ್ತಿದರೆ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಅಮಿಗ್ಡಲ ಚುರುಕಾಗುತ್ತದೆ, ಆ ಗಳಿಗೆಯ ನೆನಪು ಆಳವಾಗಿ ಕೂರುತ್ತದೆ. ಆದರೆ ಆವತ್ತು ಅಡ್ರಿನಲಿನ್ ಏರಿದ್ದು ಏಟು ತಿಂದವನಿಗೆ ಮಾತ್ರವಾ? ಒಂದು ಗೇಣು ದೂರದಲ್ಲಿ ಕೂತು, ಮುಂದಿನ ಸರದಿ ನನ್ನದೇ ಅಂದುಕೊಂಡವನಿಗೂ ಏರಿರುತ್ತದೆ. ಇಬ್ಬರಿಗೂ ಬರಲಿನ ಸುಂಯ್ ಎಂಬ ಸದ್ದು ಪಕ್ಕಾ ನೆನಪಿದೆ. ಕೈ ಯಾರದು ಅನ್ನುವ ಗಂಟು ಮಾತ್ರ ಒಬ್ಬರಲ್ಲಿ ಸಡಿಲವಾಗಿದೆ.

ಅದರ ಮೇಲೆ ಮೂವತ್ತೈದು ವರ್ಷ ಆ ಕಥೆ ಹೇಳಿದ್ದೇನೆ. ಹೇಳಿದಷ್ಟೂ ನೆನಪು ಗಟ್ಟಿಯಾಗುತ್ತೆ ಅಂತ ನಾವು ತಿಳಿದಿದ್ದೇವೆ, ಅಲ್ವಾ? ಗಟ್ಟಿಯೇನೋ ಆಗುತ್ತದೆ, ಆದರೆ ತಿದ್ದುಪಡಿ ಸಮೇತ. 2000ದಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಹಳೇ ಭಯದ ನೆನಪನ್ನು ಕೆದಕಿದ ಕೂಡಲೇ ಅದು ಮತ್ತೆ ಮೆತ್ತಗಾಗುತ್ತದೆ, ಹೊಸದಾಗಿ ಗಟ್ಟಿಯಾಗಲು ಮಿದುಳು ಮತ್ತೆ ಪ್ರೋಟೀನ್ ತಯಾರಿಸಬೇಕು ಎಂದು ಗೊತ್ತಾಯಿತು. ಆ ಮೆತ್ತಗಿನ ಹೊತ್ತಿನಲ್ಲಿ ಏನಾದರೂ ಸೇರಿಕೊಳ್ಳಬಹುದು. ನನ್ನ ಕಥೆಯ ಮೀಸೆ ಯಾವಾಗ ಸೇರಿತೋ! ಗೆಳೆಯನ ಪ್ರಕಾರ ಮೀಸೆಯ ಪ್ರಸಂಗವೇ ಇಲ್ಲ, ಬರೀ ಹೋಂವರ್ಕ್ ಮಾಡಿರಲಿಲ್ಲವಂತೆ.

ಮನೆಗೆ ಬಂದು ಟ್ರಂಕಿನಲ್ಲಿ ಹಳೇ ನೋಟ್‌ಬುಕ್ ಹುಡುಕಿದೆ. ಸಿಕ್ಕಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ ಜಿಲ್ಲೆ ಚಿತ್ರದುರ್ಗ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ, ಆದರೆ ನನ್ನ ತಲೆಯೊಳಗೆ ನಾನು ಓದಿದ್ದೆಲ್ಲ ದಾವಣಗೆರೆ ಜಿಲ್ಲೆಯಲ್ಲೇ. ಅದು ಹೋಗಲಿ. ಲೆಕ್ಕದಲ್ಲಿ 78 ಬಂದಿತ್ತು ಅಂತ ಮಗಳ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೆ. ಪಟ್ಟಿಯಲ್ಲಿ 61. ಪಟ್ಟಿಯನ್ನು ಮಡಚಿ ಇದ್ದಲ್ಲೇ ಇಟ್ಟೆ.

ಒಂದು ಸಮಾಧಾನ ಇದೆ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾರಿಕ್ ಮತ್ತು ಜೊತೆಗಾರರು 1996ರಲ್ಲಿ 99 ಕಾಲೇಜು ವಿದ್ಯಾರ್ಥಿಗಳ ಹೈಸ್ಕೂಲ್ ಗ್ರೇಡುಗಳ ನೆನಪನ್ನು ಶಾಲೆಯ ದಾಖಲೆ ಜೊತೆ ತಾಳೆ ನೋಡಿದರು. ‘ಎ’ ಬಂದಿದ್ದನ್ನು 100ಕ್ಕೆ 89 ಸಲ ಸರಿಯಾಗಿ ಹೇಳಿದರು, ‘ಡಿ’ ಬಂದಿದ್ದನ್ನು ಬರೀ 29 ಸಲ. ತಪ್ಪಿದ್ದರಲ್ಲಿ ಹೆಚ್ಚಿನವು ಏರಿಸಿ ಹೇಳಿದವೇ. ಅವರೆಲ್ಲ ಶಾಲೆ ಬಿಟ್ಟು ಕೆಲವೇ ವರ್ಷ ಆದವರು. ಅದಕ್ಕೆ ಹೋಲಿಸಿದರೆ ನನ್ನ 17 ಅಂಕ ಜಾಸ್ತಿ ಏನಲ್ಲ.

ಇದೇ ಬಾರಿಕ್ 1975ರಲ್ಲಿ ಇನ್ನೊಂದು ವಿಷಯ ತೋರಿಸಿದ್ದರು. ಹೈಸ್ಕೂಲ್ ಮುಗಿಸಿದ 392 ಜನರಿಗೆ ಸಹಪಾಠಿಗಳ ಹಳೇ ಫೋಟೋಗಳನ್ನು ಅಪರಿಚಿತರ ಫೋಟೋಗಳ ಜೊತೆ ಕೊಟ್ಟರೆ, 35 ವರ್ಷದ ಮೇಲೂ ಸುಮಾರು ಹತ್ತಕ್ಕೆ ಒಂಬತ್ತು ಮುಖಗಳನ್ನು ಗುರುತಿಸಿದರು. ಹೆಸರು ಹೇಳಿ ಅಂದರೆ ಮಾತ್ರ ತಡವರಿಸಿದರು. ಪಿ.ಬಿ. ರೋಡಿನಲ್ಲಿ ಯಾರೋ ಬೈಕ್ ನಿಲ್ಲಿಸಿ “ಏನಪಾ, ಆರಾಮಾ?” ಅಂದಾಗ ಮುಖ ಸ್ಪಷ್ಟ, ಹೆಸರು ಬರುವುದೇ ಇಲ್ಲ, ಸುಮ್ನೆ ನಗುತ್ತಾ ಹತ್ತು ನಿಮಿಷ ಮಾತಾಡಿ ಕಳಿಸುತ್ತೇವಲ್ಲ, ಅದೇ ಇದು.

ನೋವಿನ ವಿಷಯವೂ ಹೇಳಬೇಕು. ಸಾಮಾನ್ಯವಾಗಿ ಕೆಟ್ಟ ನೆನಪಿನ ಕಹಿ, ಒಳ್ಳೆಯದರ ಸಿಹಿಗಿಂತ ಬೇಗ ಇಳಿಯುತ್ತದೆ. ಏಟಿನ ಕಥೆ ಹೇಳಿ ನಾವು ನಗುವುದು ಅದಕ್ಕೇ. ಆದರೆ ಆ ನಗು ನೋಡಿ “ಏಟು ಬಿದ್ದಿದ್ದಕ್ಕೇ ಉದ್ಧಾರ ಆದ್ವಿ” ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸವೆದಿರುವುದು ನೆನಪಿನ ನೋವು, ಆವತ್ತು ಹುಡುಗನಿಗೆ ಆದ ನೋವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ನಮ್ಮ ಗುಂಪಿನಲ್ಲೇ ಒಬ್ಬ ಈ ಮಾತು ಬಂದಾಗೆಲ್ಲ ಎದ್ದು ಹೋಗಿ ಟೀ ಹೇಳಿ ಬರುತ್ತಾನೆ. ಅವನು ಯಾವತ್ತೂ ನಕ್ಕಿಲ್ಲ.

ನಮ್ಮಿಬ್ಬರ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ. ಇಷ್ಟೆಲ್ಲ ಓದಿದ ಮೇಲೂ, ಎಡಗೈ ನೋಡಿಕೊಂಡರೆ ಹೆಬ್ಬೆರಳಿನ ಬುಡ ಚುರುಕ್ ಅನ್ನುತ್ತದೆ. ದುಗ್ಗಮ್ಮನ ಜಾತ್ರೆಗೆ ಸಿಕ್ಕಾಗ ಸಾಕ್ಷಿ ಕರೆತರುತ್ತೇನೆ ಅಂತ ಗೆಳೆಯ ಹೇಳಿದ್ದಾನೆ. ಅವನ ಸಾಕ್ಷಿ ಯಾರು ಗೊತ್ತಾ? ನನ್ನನ್ನು ಬಿ ಸೆಕ್ಷನ್‌ನವನು ಅಂತ ಇವತ್ತಿಗೂ ವಾದ ಮಾಡುವವನು.