ಮೊಟ್ಟೆ ಕೋಳಿಯ ಫೀಡಿಗೆ ಓಂಕಾಳಿನ ಎಣ್ಣೆ: ನನ್ನ ಟಿಪ್ಪಣಿ

ದೊಡ್ಡಪತ್ರೆ ಎಲೆ ಉಜ್ಜಿ ಮೂಸಿ ನೋಡಿ, ಆಮೇಲೆ ಓಂಕಾಳು ಮೂಸಿ. ವಾಸನೆ ಹತ್ತಿರ ಹತ್ತಿರ ಒಂದೇ ಅಲ್ವಾ? ಓಂಕಾಳಿನಲ್ಲಿ ಮುಖ್ಯವಾಗಿ ಥೈಮಾಲ್, ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಇರುತ್ತದೆ. ಲವಂಗಕ್ಕೆ ಯೂಜೆನಾಲ್, ಚಕ್ಕೆಗೆ ಸಿನಮಾಲ್ಡಿಹೈಡ್. ಇವೆಲ್ಲ ಆಯಾ ಗಿಡದ ಎಣ್ಣೆಯಲ್ಲಿರುವ, ಘಮ ಕೊಡುವ ರಾಸಾಯನಿಕಗಳು. ಅಡುಗೆಮನೆ ಡಬ್ಬಿಗಳ ಜೊತೆ ಸೇರಿಸಿ ಓದಿದರೆ ಈ ಹೆಸರುಗಳು ಮರೆಯುವುದಿಲ್ಲ.

ಬೆಳವಣಿಗೆಗೆಂದು ಫೀಡಿನಲ್ಲಿ ಆಂಟಿಬಯೋಟಿಕ್ ಹಾಕುವುದನ್ನು ಯುರೋಪ್ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು. ನಮ್ಮಲ್ಲಿ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕನ್ನು ಕೋಳಿ ಮತ್ತಿತರ ಸಾಕುಪ್ರಾಣಿಗಳ ಫೀಡಿನಲ್ಲಿ ಬಳಸುವುದು ನಿಷೇಧವಾಯಿತು. ಆಂಟಿಬಯೋಟಿಕ್ ಬದಲು ಈ ಎಣ್ಣೆಗಳ ಕಡೆ ಗಮನ ಹೋಗಲು ಇದೇ ದೊಡ್ಡ ಕಾರಣ. ಥೈಮಾಲ್ ಕೊಬ್ಬಿನಲ್ಲಿ ಬೆರೆಯುತ್ತದೆ, ಹಾಗಾಗಿ ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲ ಮಾಡುತ್ತದೆ, ಒಳಗಿನ ಪೊಟ್ಯಾಸಿಯಂನಂಥ ಲವಣಗಳು ಸೋರಿಹೋಗುತ್ತವೆ.

ಅರಸೀಕೆರೆಯಲ್ಲಿ ಕೋಳಿ ಫಾರಂ ಇಟ್ಟಿರುವ ನನ್ನ ಸೋದರಮಾವ ಇದನ್ನು ಕೇಳಿ, "ಎಣ್ಣೆ ಯಾಕೋ, ಓಂಕಾಳೇ ಪುಡಿ ಮಾಡಿ ಹಾಕಿದ್ರೆ ಆಗಲ್ವಾ?" ಅಂದರು. ಒಳ್ಳೆಯ ಪ್ರಶ್ನೆ, ಲೆಕ್ಕ ಮಾಡಿಯೇ ನೋಡೋಣ. ಕೆಜಿ ಫೀಡಿಗೆ 100 ಮಿಲಿಗ್ರಾಂ ಎಣ್ಣೆ ಎಂದುಕೊಳ್ಳಿ. ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ, ಅಂದರೆ ಅದಕ್ಕೆ ಸಿಗುವುದು 11 ಮಿಲಿಗ್ರಾಂ. ಒಂದು ಟನ್ನಿಗೆ 100 ಗ್ರಾಂ ಎಣ್ಣೆ. ಕಾಳಿನಲ್ಲಿ ಶೇ 3ರಷ್ಟು ಎಣ್ಣೆ ಇದ್ದರೆ ಟನ್ನಿಗೆ 3.3 ಕೆಜಿ ಓಂಕಾಳು ಬೇಕು. ಕಾಗದದ ಮೇಲೆ ಆಗುತ್ತದೆ. ಆದರೆ ಕಾಳಿನಿಂದ ಕಾಳಿಗೆ ಎಣ್ಣೆ ಶೇ 2ರಿಂದ 4ರವರೆಗೆ ಏರುಪೇರಾಗುತ್ತದೆ, ಪುಡಿ ಮಾಡಿ ಶೆಡ್ಡಿನಲ್ಲಿಟ್ಟರೆ ದಿನದಿಂದ ದಿನಕ್ಕೆ ಗಾಳಿಗೆ ಹಾರಿಹೋಗುತ್ತದೆ. ನಿಮ್ಮ ಮೂಗಿಗೆ ಘಮ ಬಂತು ಎಂದರೆ ಕೋಳಿಗೆ ಅಷ್ಟು ಕಡಿಮೆಯಾಯಿತು ಎಂದೇ ಅರ್ಥ.

ಇನ್ನೊಂದು ತೊಡಕಿದೆ, ಇದನ್ನು ನಾನು ಮೊದಲ ಓದಿನಲ್ಲಿ ಬಿಟ್ಟಿದ್ದೆ. ಬರೀ ಎಣ್ಣೆ ಸಣ್ಣಕರುಳಿನ ಮೊದಲ ಭಾಗದಲ್ಲೇ ಹೆಚ್ಚಾಗಿ ಹೀರಿಹೋಗುತ್ತದೆ. ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಕೂರುವ ಸೀಕಮ್ (ಕರುಳಿನ ಚೀಲದಂಥ ಭಾಗ) ಇರುವುದು ಸಣ್ಣಕರುಳಿನ ಕೊನೆಯಲ್ಲಿ. ಅದಕ್ಕೇ ಎಣ್ಣೆಯನ್ನು ಕೊಬ್ಬಿನ ಲೇಪ ಕೊಟ್ಟ ಸಣ್ಣ ಗುಳಿಗೆಗಳ ರೂಪದಲ್ಲಿ ಮಾಡುತ್ತಾರೆ. ಲೇಪ ಕರಗುತ್ತಾ ಹೋದಂತೆ ಎಣ್ಣೆ ಕೆಳಗಿನವರೆಗೂ ತಲುಪುತ್ತದೆ, ಚೀಲದಲ್ಲಿ ಹಾರಿಹೋಗುವುದೂ ಕಮ್ಮಿ.

ಮಾವನ ಬೇಸಿಗೆಯ ಚಿಂತೆ ತೆಳು ಚಿಪ್ಪು. ಇದಕ್ಕೆ ಸುಮ್ನೆ ಓಂಕಾಳು ನಂಬಬೇಡಿ ಎಂದೆ. ಬಿಸಿಲಿಗೆ ಕೋಳಿ ಏದುಸಿರು ಬಿಟ್ಟಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಚಿಪ್ಪಿಗೆ ಬೇಕಾದ ಬೈಕಾರ್ಬೊನೇಟ್ ಕಮ್ಮಿಯಾಗುತ್ತದೆ. ಫೀಡಿನಲ್ಲಿ ಕ್ಯಾಲ್ಸಿಯಂ ಶೇ 3.5ರಿಂದ 4 ಇದೆಯೇ ನೋಡಿ, ತಣ್ಣಗಿನ ನೀರು ಕೊಡಿ. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ, ಹಾಗಾಗಿ ದಪ್ಪ ಗ್ರಿಟ್ಟನ್ನು (ಸುಣ್ಣಕಲ್ಲಿನ ಚೂರು) ಸಂಜೆ ಹಾಕಿ.