ತಾತ್ಕಾಲಿಕ ನಂಬರ್‌ಗೆ ಒಟಿಪಿ ತರಿಸಿಕೊಂಡರೆ ಖಾತೆ ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಗಿರಾಕಿಗಳ ಜೊತೆ ಮಾತಾಡಲು ಬೇರೆ ವಾಟ್ಸಾಪ್ ಬೇಕು. ನನ್ನ ಸ್ವಂತ ನಂಬರ್ ಎಲ್ಲರ ಕೈಗೂ ಸಿಗುವುದು ಇಷ್ಟವಿಲ್ಲ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ತಾತ್ಕಾಲಿಕ ನಂಬರ್ ಹಾಕಿ ಖಾತೆ ತೆರೆಯಬಹುದಾ?

ಈ ಕೆಲಸಕ್ಕೆ ಖಂಡಿತ ಬೇಡ. ನಂಬರ್ ಕಾಪಾಡಿಕೊಳ್ಳಬೇಕು ಅನ್ನುವ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಆದರೆ ಆ ದಾರಿ ಹಿಡಿದರೆ ಒಂದು ದಿನ ಖಾತೆಯೂ ಹೋಗುತ್ತದೆ, ಅದರೊಳಗಿನ ಗಿರಾಕಿಗಳೂ ಹೋಗುತ್ತಾರೆ.

ಪುಕ್ಕಟೆ ನಂಬರ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡಿ. ಒಂದು ಜಾಲತಾಣದಲ್ಲಿ ಹತ್ತಾರು ನಂಬರ್‌ಗಳು ಸಾಲಾಗಿ ಇರುತ್ತವೆ. ಹೆಚ್ಚಿನವು +1, +44 ಅಂತ ಶುರುವಾಗುವ ಹೊರದೇಶದ ನಂಬರ್‌ಗಳು. ಅದರಲ್ಲಿ ಒಂದನ್ನು ನೀವು ಆ್ಯಪ್‌ಗೆ ಕೊಡುತ್ತೀರಿ. ಒಟಿಪಿ ಬಂದು ಆ ಪುಟದ ಮೇಲೆಯೇ ಕೂರುತ್ತದೆ. ನಿಮಗೆ ಕಾಣುವ ಹಾಗೆಯೇ, ಆ ಪುಟ ತೆರೆದ ಪ್ರತಿಯೊಬ್ಬರಿಗೂ ಅದು ಕಾಣುತ್ತದೆ. ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಬಸ್ ಸ್ಟ್ಯಾಂಡಿನ ಕಂಬಕ್ಕೆ ನೇತುಹಾಕಿ ಬಂದ ಹಾಗೆ ಇದು.

ವಾಟ್ಸಾಪ್‌ಗೆ ನಿಮ್ಮ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆ ನಂಬರ್‌ಗೆ ಬಂದ ಆರು ಅಂಕಿಯ ಕೋಡ್ ಯಾರು ಹಾಕುತ್ತಾರೋ ಅವರೇ ಅದಕ್ಕೆ ಯಜಮಾನರು. ನಾಳೆ ಇನ್ಯಾರೋ ಅದೇ ನಂಬರ್ ಆರಿಸಿ ಖಾತೆ ತೆರೆದರೆ ನಿಮ್ಮ ಫೋನಿನಲ್ಲಿ ವಾಟ್ಸಾಪ್ ಬಂದ್. ಅವರು ಕಳ್ಳರೇ ಆಗಿರಬೇಕು ಅಂತಿಲ್ಲ. ನಿಮ್ಮ ಹಾಗೆಯೇ ಪುಕ್ಕಟೆ ನಂಬರ್ ಹುಡುಕಿ ಬಂದವರು ಅಷ್ಟೆ. ನಂತರ ಬರುವ ಮೆಸೇಜ್‌ಗಳು ಅವರಿಗೇ ಹೋಗುತ್ತವೆ. "ಅಕ್ಕಾ, ಅಡ್ವಾನ್ಸ್ ಯಾವ ನಂಬರ್‌ಗೆ ಹಾಕಲಿ?" ಅಂತ ಗಿರಾಕಿ ಕೇಳಿದರೆ ಉತ್ತರ ಕೊಡುವುದು ಯಾರು, ಯೋಚಿಸಿ. ಎರಡು ಹಂತದ ಪಿನ್, ಅಂದರೆ ಒಟಿಪಿ ಜೊತೆಗೆ ವಾಟ್ಸಾಪ್ ಕೇಳುವ ನಿಮ್ಮದೇ ಗುಟ್ಟಿನ ಸಂಖ್ಯೆ, ಹಾಕಿದ್ದರೂ ಪೂರ್ತಿ ಕಾವಲು ಸಿಗುವುದಿಲ್ಲ. ಪಿನ್ ಗೊತ್ತಿಲ್ಲದವರು 7 ದಿನ ಕಾದರೆ ಸಾಕು, ಹೊಸದಾಗಿ ಖಾತೆ ತೆರೆದುಕೊಳ್ಳಬಹುದು.

ದುಡ್ಡು ಕೊಟ್ಟು ತೆಗೆದುಕೊಳ್ಳುವ ಬಾಡಿಗೆ ನಂಬರ್‌ಗಳಲ್ಲಿ ಒಟಿಪಿ ಎಲ್ಲರ ಕಣ್ಣಿಗೆ ಬೀಳುವುದಿಲ್ಲ, ನಿಜ. ಆದರೆ ಬಾಡಿಗೆ ಅವಧಿ ಮುಗಿದ ಮೇಲೆ ಅದು ಇನ್ನೊಬ್ಬರದು. ಖಾತೆ ತೆರೆಯುವಾಗ ತೊಂದರೆ ಇರುವುದಿಲ್ಲ. ಫೋನ್ ಒಡೆದು ಹೊಸದು ತಂದ ದಿನ ಮತ್ತೆ ಒಟಿಪಿ ಬೇಕಾಗುತ್ತದೆ. ಆಗ ಆ ನಂಬರ್ ನಿಮ್ಮ ಹತ್ತಿರ ಇರುವುದಿಲ್ಲ, ಅಲ್ವಾ? ಇಷ್ಟಕ್ಕೂ ಇಂಟರ್‌ನೆಟ್ ಮೂಲಕ ನಡೆಯುವ ಇಂಥ ನಂಬರ್‌ಗಳನ್ನು ವಾಟ್ಸಾಪ್ ಒಪ್ಪುವುದಿಲ್ಲ ಅಂತ ಅದರ ನಿಯಮದಲ್ಲೇ ಇದೆ. ಕೆಲವು ಸಲ ನುಸುಳಿ ಹೋಗಬಹುದು, ಅದನ್ನು ನಂಬಿ ವ್ಯಾಪಾರ ಮಾಡಲಾಗದು. ಇನ್ನು ಯುಪಿಐ ಮಾತೇ ಬೇಡ. ಅಲ್ಲಿ ನಿಮ್ಮ ಫೋನಿನಲ್ಲಿರುವ ಸಿಮ್‌ನಿಂದಲೇ ಬ್ಯಾಂಕ್ ಕಡೆಗೆ ಮೆಸೇಜ್ ಹೋಗಬೇಕು.

ಹಾಗಂತ ನಂಬರ್ ಎಲ್ಲರಿಗೂ ಹಂಚಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಭಯಕ್ಕೆ ಕಾರಣ ಇದೆ. ಭದ್ರತೆಗೆ ಅಂತ ಜನ ಕೊಟ್ಟ ಫೋನ್ ನಂಬರ್‌ಗಳನ್ನು ಜಾಹೀರಾತಿಗೆ ಬಳಸಿದ್ದಕ್ಕೆ 2022ರಲ್ಲಿ ಅಮೆರಿಕದಲ್ಲಿ ಟ್ವಿಟರ್ 15 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅದಕ್ಕೂ ಹಿಂದಿನ ವರ್ಷ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ವಿವರ ಇಂಟರ್‌ನೆಟ್‌ನಲ್ಲಿ ಸುಮ್ನೆ ಬಿದ್ದಿತ್ತು, ಫೋನ್ ನಂಬರ್ ಸಮೇತ. ಹಾಗಾಗಿ ಬೇಡದ ಕಡೆ ನಂಬರ್ ಕೊಡದಿರುವುದು ಒಳ್ಳೆಯದೇ. ಇನ್‌ಸ್ಟಾಗ್ರಾಂ ಇಮೇಲ್‌ನಲ್ಲೇ ತೆರೆಯುತ್ತದೆ. ಟೆಲಿಗ್ರಾಂ ಸೆಟ್ಟಿಂಗ್ಸ್‌ನಲ್ಲಿ ನಂಬರ್ ಯಾರಿಗೂ ಕಾಣದಂತೆ ಮಾಡಬಹುದು. ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್‌ನಲ್ಲಿ ಖಾತೆ ತೆರೆಯಲು ನಂಬರ್ ಬೇಕೇ ಬೇಕು, ಆದರೆ 2024ರಿಂದ ಬೇರೆಯವರಿಗೆ ನಂಬರ್ ಕೊಡದೆ ಬಳಕೆದಾರ ಹೆಸರಿನಿಂದಲೇ ಮಾತಾಡಬಹುದು. ಅಂಗಡಿಯಲ್ಲಿ ಬಿಲ್ ಹಾಕುವಾಗ ನಂಬರ್ ಕೇಳಿದರೆ "ಕೊಡಲ್ಲ" ಅನ್ನಿ. ಗ್ರಾಹಕರನ್ನು ನಂಬರ್‌ಗಾಗಿ ಒತ್ತಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ.

ತಾತ್ಕಾಲಿಕ ನಂಬರ್‌ಗೆ ಎಲ್ಲೂ ಜಾಗವೇ ಇಲ್ಲವಾ? ಇದೆ. ಒಂದು ಆ್ಯಪ್ ಹೇಗಿದೆ ಅಂತ ನೋಡಿ ಬಿಟ್ಟುಬಿಡಬೇಕು, ಹೆಸರು, ಫೋಟೊ, ದುಡ್ಡು ಏನನ್ನೂ ಅದರಲ್ಲಿ ಹಾಕುವುದಿಲ್ಲ ಅನ್ನುವಾಗ ನಡೆಯುತ್ತದೆ. ನಾಳೆ ಆ ಖಾತೆ ಬೇರೆಯವರ ಪಾಲಾದರೂ ನನಗೆ ಚಿಂತೆ ಇಲ್ಲ ಅನ್ನಿಸಿದರೆ ಮಾತ್ರ ಬಳಸಿ.

ನಿಮಗೆ ಬೇಕಾಗಿರುವುದು ನಿಮ್ಮದೇ ಹೆಸರಿನ ಎರಡನೇ ಸಿಮ್. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೆ ಇಟ್ಟುಕೊಳ್ಳಬಹುದು, ಹಾಗಾಗಿ ತೊಂದರೆ ಇಲ್ಲ. ಆಧಾರ್ ಕೇಳದೆ ಚಾಲೂ ಆಗಿರುವ ಸಿಮ್ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಮುಟ್ಟಬೇಡಿ. ಅದು ಇನ್ನೊಬ್ಬರ ಹೆಸರಿನಲ್ಲಿರುತ್ತದೆ. ಮೋಸದಿಂದ ಅಥವಾ ಬೇರೆಯವರ ಸೋಗಿನಲ್ಲಿ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. "ನಿಮ್ಮ ನಂಬರ್‌ಗೆ ಬರುವ ಒಟಿಪಿ ಹೇಳಿದರೆ ದುಡ್ಡು ಕೊಡುತ್ತೇವೆ" ಅನ್ನುವವರನ್ನೂ ದೂರ ಇಡಿ. ಆ ಒಟಿಪಿಯಿಂದ ಯಾರೋ ಖಾತೆ ತೆರೆದು ಮೋಸ ಮಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಈಗಲೇ ನೋಡಬಹುದು.

ಎರಡನೇ ಸಿಮ್‌ಗೆ ದೊಡ್ಡ ಡೇಟಾ ಪ್ಯಾಕ್ ಬೇಕಿಲ್ಲ. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮೊಬೈಲ್ ಕಂಪನಿಗಳಿಗೆ ನಿಯಮ ತಂದಿದೆ. ಆದರೆ ರೀಚಾರ್ಜ್ ಮರೆತು ಸಿಮ್ ಸತ್ತರೆ ಮತ್ತೆ ಅದೇ ಕಥೆ. ಕಡಿತವಾದ ನಂಬರ್ ಕನಿಷ್ಠ 90 ದಿನ ಕಳೆದ ಮೇಲೆ ಹೊಸಬರ ಕೈಗೆ ಹೋಗಬಹುದು. ನಂಬರ್ ಬಿಡುವುದಾದರೆ ಮೊದಲು ವಾಟ್ಸಾಪ್ ಖಾತೆ ಅಳಿಸಿ ಅಥವಾ ಹೊಸ ನಂಬರ್‌ಗೆ ಬದಲಾಯಿಸಿ, ಆಮೇಲೆ ಸಿಮ್ ಬಿಡಿ.

ಸಿಮ್ ಬಂದ ಮೇಲೆ ಈಗಿನ ಫೋನಿನಲ್ಲೇ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಹಳೆಯ ವಾಟ್ಸಾಪ್ ಅದರ ಪಾಡಿಗೆ ಇರುತ್ತದೆ. ಎರಡು ಹಂತದ ಪಿನ್ ಹಾಕಿ, ಪಿನ್ ಮರೆತರೆ ಇರಲಿ ಅಂತ ಇಮೇಲ್ ಕೊಡಿ. ನಿಮ್ಮ ವ್ಯಾಪಾರದ ಹೆಸರು ಮತ್ತು ಕುಚ್ಚಿನ ಫೋಟೊ ಪ್ರೊಫೈಲ್‌ಗೆ ಹಾಕಿ. ಸೀರೆ ಮರಳಿಸುವ ಕವರ್ ಮೇಲೆ ಈ ನಂಬರ್ ಮಾತ್ರ ಬರೆಯಿರಿ. ರಾತ್ರಿ ಒಂಬತ್ತಾದ ಮೇಲೆ ಆ ಸಿಮ್ ಅನ್ನು ಆಫ್ ಮಾಡಿ ಇಡಬಹುದು, ಮನೆಯವರ ಕರೆ ಹಳೆಯ ನಂಬರ್‌ಗೆ ಬರುತ್ತಲೇ ಇರುತ್ತದೆ.